ತೊಳೆದುಕೊಂಡೇ ಬರುವ ಪಾದಗಳು

ಒಂದೂರಿನಲ್ಲಿ ಒಂದು ಬೋಗುಣಿ ಇತ್ತಂತೆ. ಅದಕ್ಕೆ ಯಾರೋ ಒಂದು ಕೆಲಸ ಒಪ್ಪಿಸಿದ್ದರಂತೆ. ಆ ಕೆಲಸ ಆಗುವವರೆಗೂ ಅದಕ್ಕೆ ಕಣ್ಣಿಗೆ ಕಣ್ಣು ಹತ್ತಲಿಲ್ಲವಂತೆ. ಹೀಗೆ ಶುರುವಾಗುವ ಕತೆಗಳಲ್ಲಿ ಬೋಗುಣಿ ಮಾತಾಡುವುದಿಲ್ಲ. ಅಜ್ಜಿ ಮಾತಾಡುತ್ತಾಳೆ, ಮಕ್ಕಳು ಹೂಂಗುಟ್ಟುತ್ತಾರೆ. ಈ ಸಲ ನಾನೇ ಹೇಳುತ್ತೇನೆ. ನೀವು ಆಗಾಗ ಹೂಂ ಅಂದರೆ ಸಾಕು. ಅನ್ನದಿದ್ದರೆ ನನಗೆ ಭಯವಾಗುತ್ತದೆ, ಭಯಪಡುವುದು ನನ್ನ ಹುಟ್ಟುಗುಣ.

ನಾನು ಒಂದು ತಾಮ್ರದ ಬೋಗುಣಿ. ಹುಟ್ಟಿದ್ದು ಕಾಳಾಚಾರಿಯ ಗುಡಿಸಲಿನಲ್ಲಿ. ದುಂಡನೆಯ ತಗಡಾಗಿದ್ದ ನನ್ನನ್ನು ಅವನು ಕಾಯಿಸಿದ, ಬಡಿದ, ಮತ್ತೆ ಕಾಯಿಸಿದ, ಮತ್ತೆ ಬಡಿದ. ಪ್ರತಿ ಏಟಿಗೂ ನಾನು ಒಂದಿಷ್ಟು ಒಳಕ್ಕೆ ಬಾಗಿದೆ. ಹಾಗೆ ಬಾಗಿ ಬಾಗಿ ಒಂದು ದಿನ ನನ್ನಲ್ಲಿ ನೀರು ನಿಲ್ಲುವಷ್ಟು ಜಾಗವಾಯಿತು. ಮೈತುಂಬ ಸುತ್ತಿಗೆಯ ಗುರುತುಗಳು, ಮೀನಿನ ಮೈಯ ಹುರುಪೆಗಳ ಹಾಗೆ. ಬಿಸಿಲಿಗಿಟ್ಟಾಗ ಅವೆಲ್ಲ ಒಟ್ಟಿಗೆ ಹೊಳೆದವು. ಅಷ್ಟು ಚೆಂದ ನಾನು ಆಮೇಲೆಂದೂ ಇರಲಿಲ್ಲ.

ನನ್ನನ್ನು ಕೊಳ್ಳಲು ಬಂದವಳು ಜೋಜಪ್ಪನ ಪಾಳ್ಯದ ಜಪಮಾಲಮ್ಮ. ತುಂಬು ಬಸುರಿ. ಬಾಣಂತನಕ್ಕೆ ಒಂದು ಒಳ್ಳೆಯ ಬೋಗುಣಿ ಬೇಕಾಗಿತ್ತು. ನನ್ನನ್ನು ನೆಲದ ಮೇಲಿಟ್ಟು ಒಂದು ಕಣ್ಣು ಮುಚ್ಚಿ ನೋಡಿದಳು.

"ಯಾಕೋ ಈ ಕಡೆ ಸೊಟ್ಟ ಕಾಣ್ತದಲ್ಲ ಆಚಾರಿ."

"ಬೋಗುಣಿ ಸೊಟ್ಟ ಇಲ್ಲ ತಾಯಿ. ನೆಲ ಸೊಟ್ಟ."

ಅವಳು ನಂಬಲಿಲ್ಲ. ಜಗುಲಿಯ ಮೇಲಿಟ್ಟು ನೋಡಿದಳು, ಬಾವಿಕಟ್ಟೆಯ ಮೇಲಿಟ್ಟು ನೋಡಿದಳು. ಕಡೆಗೆ ಕಾಳಾಚಾರಿಯ ಬಡಿಗಲ್ಲಿನ ಮೇಲೇ ಇಟ್ಟು ನೋಡಿ ಸುಮ್ಮನಾದಳು. "ಈಯಮ್ಮನ ಕಣ್ಣಿಗೆ ಬಿದ್ದೋರು ಬಚಾವಾಗೋದು ಕಷ್ಟ," ಎಂದು ಆಚಾರಿ ನಗುತ್ತ ನನ್ನನ್ನು ಅವಳ ಕಂಕುಳಿಗೆ ಕೊಟ್ಟ. ನನಗೆ ಅಂದೇ ಸಣ್ಣದೊಂದು ನಡುಕ ಹುಟ್ಟಿತು.

ಮಗು ಹುಟ್ಟಿತು. ಹೆಣ್ಣು, ರೋಜಲಿ. ಅಜ್ಜಿಯೊಬ್ಬಳು ಕಾಲು ಚಾಚಿ ಮಗುವನ್ನು ಅಡ್ಡ ಹಾಕಿಕೊಂಡು ನೀರೆರೆಯುತ್ತಿದ್ದಳು. ಹದವಾಗಿ ಬೆರೆಸಿದ ಬಿಸಿನೀರು ನನ್ನಲ್ಲಿರುತ್ತಿತ್ತು. ರೋಜಲಿ ಅಳುತ್ತ ಕಾಲು ಝಾಡಿಸಿದಾಗ ಅವಳ ಹಿಮ್ಮಡಿ ನನ್ನ ಅಂಚಿಗೆ ತಾಗಿ ಟಣ್ ಎನ್ನುತ್ತಿತ್ತು. ಆ ಸದ್ದಿಗೆ ಅವಳು ಅಳು ನಿಲ್ಲಿಸಿ ಕಣ್ಣರಳಿಸುತ್ತಿದ್ದಳು. ಹೀಗೆ ನಮ್ಮಿಬ್ಬರಿಗೂ ಗೆಳೆತನ.

ರೋಜಲಿ ಅಂಬೆಗಾಲಿಡುವ ಹೊತ್ತಿಗೆ ಅವಳಿಗೆ ಒಂದು ಕೆಟ್ಟ ಜ್ವರ ಬಂತು. ಆಸ್ಪತ್ರೆಯ ಔಷಧಿಗೂ ಇಳಿಯಲಿಲ್ಲ. ನನ್ನಲ್ಲಿ ತಣ್ಣೀರು ತುಂಬಿ, ಬಟ್ಟೆ ಅದ್ದಿ ಅದ್ದಿ ಅವಳ ಹಣೆಗೆ ಹಾಕುತ್ತಿದ್ದರು. ಬಟ್ಟೆ ಮತ್ತೆ ನನ್ನೊಳಗೆ ಬಂದಾಗ ಅದರ ಬಿಸಿ ನನಗೆ ತಗಲುತ್ತಿತ್ತು. ನಡುರಾತ್ರಿಯಲ್ಲಿ ಮಗು ಅಳುವುದನ್ನೇ ಬಿಟ್ಟಿತು. ಆಗ ಜಪಮಾಲಮ್ಮ ನನ್ನ ನೀರಿನಲ್ಲಿ ಎರಡೂ ಕೈ ಮುಳುಗಿಸಿ, ಗೋಡೆಯ ಮೇಲಿನ ಯೇಸುಮಾತೆಯ ಪಟ ನೋಡುತ್ತ ಹೇಳಿದಳು:

"ತಾಯಿ ಮರಿಯಮ್ಮ, ನನ್ನ ಮಗು ಉಳಿಸಿಕೊಡು. ದೊಡ್ಡ ಗುರುವಾರದ ದಿನ, ಇದೇ ಬೋಗುಣಿಯಲ್ಲಿ, ನನಗಿಂತ ಕೀಳಾದವರ ಪಾದ ನನ್ನ ಕೈಯಾರೆ ತೊಳೀತೀನಿ."

ದೊಡ್ಡ ಗುರುವಾರ ಎಂದರೆ ಈಸ್ಟರಿಗೆ ಮೊದಲಿನ ಗುರುವಾರ. ಯೇಸುಸ್ವಾಮಿ ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡು, ಆಳಿನ ಹಾಗೆ ಕೆಳಗೆ ಕೂತು, ತನ್ನ ಹನ್ನೆರಡು ಶಿಷ್ಯರ, ಅಂದರೆ ಅಪೊಸ್ತಲರ, ಪಾದ ತೊಳೆದ ದಿನ. ಅದರ ನೆನಪಿಗೆ ಪಾಳ್ಯದ ಚರ್ಚಿನಲ್ಲಿ ಪಾದ್ರಿ ಸ್ವಾಮಿಗಳು ಹನ್ನೆರಡು ಮಂದಿಯ ಪಾದ ತೊಳೆಯುತ್ತಾರೆ.

ಬೆಳಗಾಗುವುದರೊಳಗೆ ಜ್ವರ ಬಿಟ್ಟಿತು. ರೋಜಲಿ ಉಳಿದಳು. ಹರಕೆಯೂ ಉಳಿಯಿತು. ಅದು ಉಳಿದದ್ದು ನನ್ನ ಹೊಟ್ಟೆಯಲ್ಲಿ. ಕೊಟ್ಟ ಮಾತು ತೀರದಿದ್ದರೆ ಕೊಟ್ಟ ಮಗುವನ್ನು ಮೇಲಿನವರು ವಾಪಸು ಕೇಳಿಬಿಟ್ಟರೆ? ದೇವರು ಹಾಗೆ ಮಾಡುವವನೋ ಅಲ್ಲವೋ, ಬೋಗುಣಿಗೆ ಯಾರು ಉಪದೇಶ ಹೇಳುತ್ತಾರೆ? ನನಗೆ ಗೊತ್ತಿದ್ದದ್ದು ಭಯ ಮಾತ್ರ. ಜಪಮಾಲಮ್ಮನಿಗೂ ಅದೇ ಭಯ ಎಂದು ಅವಳು ನನ್ನನ್ನು ಹುಣಸೆಹಣ್ಣು ಹಾಕಿ ಉಜ್ಜುವಾಗ ಕೈಯಿಂದಲೇ ತಿಳಿಯುತ್ತಿತ್ತು.

ದೊಡ್ಡ ಗುರುವಾರ ಹತ್ತಿರ ಬಂತು. ಅವಳ ಗಂಡ ಅರುಳಪ್ಪ ಮೆತ್ತಗಿನ ಮನುಷ್ಯ, ಟೈಲರ್. ಮಿಷನ್ನು ತುಳಿಯುತ್ತಲೇ ಕೇಳಿದ, "ಯಾರ ಕಾಲು ತೊಳೀಬೇಕು ಅಂತ ಮಾಡಿದೀಯೇ?"

"ಚರ್ಚಿನ ಬಾಗಿಲಲ್ಲಿ ಬೇಡೋಕೆ ಕೂರ್ತಾನಲ್ಲ ಚೌರಿ, ಅವನು ಅಂತಿದ್ದೆ. ಆದ್ರೆ ಕುಡೀತಾನೆ ಕಣ್ರೀ."

"ಕುಡಿಯೋನು ಕೀಳಲ್ವಾ? ಸರಿಹೋಯ್ತಲ್ಲ."

"ಕೀಳು ಅಂದ್ರೆ ಬಡವರು ಅಂತ ನಾನು ಹರಸಿಕೊಂಡಿದ್ದು. ಕೆಟ್ಟೋರ ಕಾಲೆಲ್ಲ ಹಿಡಿಯೋಕಾಗ್ತದಾ?"

ಮರುವರ್ಷ ಅನ್ನಮ್ಮ ಎಂಬ ವಿಧವೆ. ಬಡವಳು, ಕುಡಿಯುವುದಿಲ್ಲ. ಆದರೆ ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ, ಮಾಂಸ ಮುಟ್ಟಬಾರದ ಶುಕ್ರವಾರ, ಅವಳ ಮನೆಯಿಂದ ಬಾಡಿನ ವಾಸನೆ ಬಂದಿತ್ತು. ಅದರ ಮರುವರ್ಷ ಗಾರೆ ಕೆಲಸದ ಒಬ್ಬ. ಅವನು ಸ್ವಾಮಿಗಳ ಹತ್ತಿರ ಪಾಪನಿವೇದನೆ ಮಾಡದೆ, ಪೂಜೆಯಲ್ಲಿ ಕೊಡುವ ಪರಮಪ್ರಸಾದ ತೆಗೆದುಕೊಂಡದ್ದನ್ನು ಜಪಮಾಲಮ್ಮ ಕಣ್ಣಾರೆ ಕಂಡಿದ್ದಳು. ಅರುಳಪ್ಪ ನಕ್ಕುಬಿಟ್ಟ. "ನಿಂಗೆ ಬೇಕಾಗಿರೋದು ಕೀಳಾದ ಸಂತ ಕಣೇ. ಅಂಥೋರು ನಮ್ಮ ಪಾಳ್ಯದಲ್ಲಿ ಇಲ್ಲ."

ಅವಳು ನಗಲಿಲ್ಲ. ನಾನೂ ನಗಲಿಲ್ಲ. ನಾನು ನೋಡುತ್ತಿದ್ದೆ: ತೊಳೆಯಲು ಯೋಗ್ಯವಾದ ಒಂದು ಜೊತೆ ಪಾದ ಹುಡುಕುತ್ತ ಹುಡುಕುತ್ತ ಅವಳ ಕಣ್ಣು ಹರಿತವಾಗುತ್ತ ಹೋಯಿತು. ಮೊದಲು ಹರಕೆಗಾಗಿ ಜನರನ್ನು ತೂಗಿದಳು. ಆಮೇಲೆ ತೂಗುವುದೇ ಅಭ್ಯಾಸವಾಯಿತು. ಯಾರು ಪೂಜೆಗೆ ತಡವಾಗಿ ಬಂದರು, ಯಾರು ಮೊಣಕಾಲೂರದೆ ಕೂತರು, ಯಾರ ಮಗಳು ಯಾರ ಜೊತೆ ಬಸ್ಸಿನಲ್ಲಿ ಕೂತಿದ್ದಳು, ಎಲ್ಲ ಅವಳಿಗೆ ಗೊತ್ತು. ಹಾಗೆಂದು ಕೆಟ್ಟವಳು ಎನ್ನಬೇಡಿ. ಸಾವಿನ ಮನೆಗೆ ಮೊದಲು ಅನ್ನ ಬೇಯಿಸಿ ಒಯ್ಯುತ್ತಿದ್ದವಳು ಅವಳೇ, ಚರ್ಚಿನ ನೆಲವನ್ನು ಕೂಲಿಯಿಲ್ಲದೆ ಒರೆಸುತ್ತಿದ್ದವಳೂ ಅವಳೇ. ಆದರೆ ಅನ್ನ ಬಡಿಸುವಾಗಲೂ ಆ ಕಣ್ಣು ಸುಮ್ಮನಿರುತ್ತಿರಲಿಲ್ಲ.

ಒಂದು ವರ್ಷ ಅವಳಿಗೆ ಹೊಸದೊಂದು ಉಪಾಯ ಹೊಳೆಯಿತು. ನನ್ನನ್ನು ಚರ್ಚಿಗೇ ಕೊಟ್ಟುಬಿಟ್ಟಳು. "ಸ್ವಾಮಿಗಳೇ ಇದರಲ್ಲಿ ಪಾದ ತೊಳೀಲಿ. ಅವರು ತೊಳೆದರೆ ನಾನು ತೊಳೆದ ಹಾಗೇ ಅಲ್ವಾ?" ಎಂದು ಅರುಳಪ್ಪನನ್ನು ಕೇಳಿದಳು. ಅವನು ಸೂಜಿಗೆ ದಾರ ಪೋಣಿಸತೊಡಗಿದ. ಚರ್ಚಿನ ಪಕ್ಕದ ಕೋಣೆಯ ಕಪಾಟಿನಲ್ಲಿ, ಮೇಣದಬತ್ತಿಗಳ ನಡುವೆ ಕೂತು ನಾನು ಅದೇ ಪ್ರಶ್ನೆ ಕೇಳಿಕೊಳ್ಳುತ್ತಿದ್ದೆ. ಸಮಾಧಾನ ಸಿಗಲಿಲ್ಲ.

ಅಲ್ಲಿ ನನಗೆ ಇನ್ನೊಂದು ವಿಚಿತ್ರ ಕಾದಿತ್ತು. ದೊಡ್ಡ ಗುರುವಾರ ಬೆಳಿಗ್ಗೆ, ಸಂಜೆ ಪಾದ ತೊಳೆಸಿಕೊಳ್ಳಬೇಕಾದ ಹನ್ನೆರಡು ಗಂಡಸರೂ ಕಿಟಕಿಯೆದುರಿನ ಚರ್ಚಿನ ಶಾಲೆಯ ಜಗುಲಿಯಲ್ಲಿ ಸಾಲಾಗಿ ಕೂತು ಕಾಲು ಉಜ್ಜಿಕೊಳ್ಳುತ್ತಿದ್ದರು. ಸೀಗೆಪುಡಿ, ಸಾಬೂನು, ಕಲ್ಲು. ಸ್ವಾಮಿಗಳ ಕೈಗೆ ಅಸಹ್ಯ ಆಗಬಾರದು ಎಂದು ಜಪಮಾಲಮ್ಮ ಮಾಡಿದ ಏರ್ಪಾಡು ಅದು. ಅವಳು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಒಬ್ಬೊಬ್ಬರನ್ನೇ ನೋಡುತ್ತ ಬರುತ್ತಿದ್ದಳು.

"ಎತ್ತೋ ಹಿಮ್ಮಡಿ. ಇದೇನಿದು ಕೊಳೆ?"

"ಕೊಳೆ ಅಲ್ಲಕ್ಕ, ಮಚ್ಚೆ."

"ಉಜ್ಜು. ಮಚ್ಚೆಯಾದ್ರೆ ಇರ್ತದೆ, ಕೊಳೆಯಾದ್ರೆ ಹೋಗ್ತದೆ."

ಉಳಿದ ಹನ್ನೊಂದು ಮಂದಿ ಕಿಸಿಕಿಸಿ ನಗುತ್ತಿದ್ದರು. ಅವಳು ತಿರುಗಿದೊಡನೆ ತಮ್ಮ ತಮ್ಮ ಹಿಮ್ಮಡಿಯನ್ನು ಇನ್ನೊಂದು ಸುತ್ತು ಉಜ್ಜುತ್ತಿದ್ದರು.

ಸಂಜೆ ಆ ಕಾಲುಗಳು ಹಾಲಿನಲ್ಲಿ ತೊಳೆದಂತೆ ಬರುತ್ತಿದ್ದವು. ಸ್ವಾಮಿಗಳು ಒಂದಿಷ್ಟು ನೀರು ಬಿಟ್ಟು, ಬಿಳಿ ವಸ್ತ್ರದಲ್ಲಿ ಒತ್ತಿ, ಬಾಗಿ ಮುತ್ತಿಡುತ್ತಿದ್ದರು. ಹನ್ನೆರಡು ಮಂದಿಯ ಪಾದದ ನೀರು ನನ್ನೊಳಗೆ ಬಿದ್ದರೂ ತಳದಲ್ಲಿ ನನ್ನ ಸುತ್ತಿಗೆಯ ಗುರುತು ಸ್ಪಷ್ಟವಾಗಿ ಕಾಣುತ್ತಿತ್ತು. ಅಷ್ಟು ತಿಳಿ. ನನ್ನಿಂದ ಏನಾದರೂ ತೊಳೆದದ್ದುಂಟೇ? ತೊಳೆಯುವ ಆಟ ಆಡಲು ನನ್ನನ್ನು ಇಟ್ಟಿದ್ದಾರೆಯೇ? ಹೂಗಿಡದ ಬುಡಕ್ಕೆ ಆ ನೀರು ಚೆಲ್ಲುವಾಗ ನನಗೆ ನಾಚಿಕೆಯಾಗುತ್ತಿತ್ತು.

ಅಷ್ಟರಲ್ಲಿ ರೋಜಲಿ ಬೆಳೆಯುತ್ತಿದ್ದಳು. ಮೊದಲ ಪರಮಪ್ರಸಾದದ ದಿನ ಬಿಳಿ ಗೌನಿನಲ್ಲಿ ತಲೆತಿರುಗಿ ಬಿದ್ದಳು. ಬೆಳಗಿನ ಉಪವಾಸಕ್ಕೆ ಅಷ್ಟೆ. ಆದರೆ ಕಪಾಟಿನೊಳಗೆ ನಾನು ಮೇಣದಬತ್ತಿಗಳ ಮೇಲೆ ಉರುಳಿಬಿದ್ದೆ. ಹೈಸ್ಕೂಲಿನಲ್ಲಿ ಕಾಮಾಲೆ. ಒಮ್ಮೆ ಅವಳಿದ್ದ ಬಸ್ಸು ಹಳ್ಳಕ್ಕಿಳಿಯಿತು. ಮೊಣಕೈ ತರಚಿಕೊಂಡು ನಗುತ್ತ ಬಂದಳು. ಪ್ರತಿ ಸಲವೂ ಜಪಮಾಲಮ್ಮ ಆ ಕೋಣೆಗೆ ಬಂದು ಕಪಾಟು ತೆರೆದು ನನ್ನನ್ನು ನೋಡುತ್ತಿದ್ದಳು. ಒಮ್ಮೆ ನನ್ನ ಅಂಚು ಹಿಡಿದು, "ಕೊಟ್ಟಿದೀನಲ್ಲ, ಕೊಟ್ಟಿದೀನಲ್ಲ," ಎಂದು ಪಿಸುಗುಟ್ಟಿದಳು. ಯಾರಿಗೆ ಹೇಳಿದಳೋ.

ಆ ಕಾಲದಲ್ಲೇ ಪಾಳ್ಯಕ್ಕೆ ಸೂಸಮ್ಮ ಬಂದದ್ದು. ಗಂಡ ತೀರಿಕೊಂಡ ಮೇಲೆ ಕೆರೆ ಏರಿಯ ಕೆಳಗೊಂದು ಮನೆ ಹಿಡಿದು, ಚರಕವಿಟ್ಟು, ರೇಷ್ಮೆ ಗೂಡಿನಿಂದ ನೂಲು ತೆಗೆಯುತ್ತಿದ್ದಳು. ಗೂಡುಗಳನ್ನು ಕುದಿನೀರಿನಲ್ಲಿ ಬೇಯಿಸಿ, ಎಳೆ ಹಿಡಿದು, ಚರಕಕ್ಕೆ ಸುತ್ತುವ ಕೆಲಸ. ನೂಲು ಬಿಚ್ಚಿದ ಮೇಲೆ ಬೆಂದ ಹುಳು ಉಳಿಯುತ್ತದೆ. ಅದರ ವಾಸನೆ ಗೊತ್ತಿದ್ದವರಿಗೆ ಗೊತ್ತು. ಬಟ್ಟೆಗಲ್ಲ, ಮೈಗೇ ಹತ್ತುತ್ತದೆ.

ಅವಳು ಮೊದಲ ಭಾನುವಾರ ಪೂಜೆಗೆ ಬಂದು ಹೆಂಗಸರ ಸಾಲಿನಲ್ಲಿ ಕೂತಳು. ಅಕ್ಕಪಕ್ಕದವರು ಮೂಗಿಗೆ ಸೆರಗು ಹಿಡಿದರು. ಪೂಜೆ ಮುಗಿದ ಮೇಲೆ, ನಾನಿದ್ದ ಕೋಣೆಯ ಕಿಟಕಿಯ ಹೊರಗೇ ಜಪಮಾಲಮ್ಮ ಅವಳನ್ನು ನಿಲ್ಲಿಸಿದಳು.

"ದೇವರ ಮುಂದಕ್ಕೆ ಬರುವಾಗ ಸ್ನಾನ ಮಾಡ್ಕೊಂಡು ಬರಬೇಕಮ್ಮ."

"ಮಾಡ್ಕೊಂಡೇ ಬಂದಿದೀನಿ ಅಕ್ಕ. ಇದು ಚರ್ಮದೊಳಗೆ ಸೇರಿರೋ ವಾಸನೆ."

"ಹಾಗಾದ್ರೆ ಒಳಗಿಂದ ತೊಳ್ಕೊಂಡು ಬಾ."

ಸೂಸಮ್ಮ ಮತ್ತೆ ಬರಲಿಲ್ಲ. ಭಾನುವಾರವೂ ಅವಳ ಚರಕದ ಸದ್ದು ಕೇಳತೊಡಗಿತು. ದೇವರ ದಿನ ದುಡಿಯುವವಳು ಎಂದು ಅವಳ ಹೆಸರಿಗೆ ಇನ್ನೊಂದು ದೂರು ಸೇರಿತು.

ವರ್ಷಗಳು ಉರುಳಿದವು. ಅರುಳಪ್ಪ ತೀರಿಕೊಂಡ. ರೋಜಲಿಗೆ ಬೆರ್ನಾಡ್ ಎಂಬ ಹುಡುಗನ ಜೊತೆ ಮದುವೆಯಾಯಿತು. ಹೊಸ ಸ್ವಾಮಿಗಳು ಬಂದರು. ಯಾರೋ ದಾನಿಗಳು ಹೊಳೆಯುವ ಸ್ಟೀಲಿನ ಹೂಜಿ, ಬೋಗುಣಿ ತಂದುಕೊಟ್ಟರು. ನನ್ನ ಅಂಚಿನಲ್ಲಿ ಹಸಿರು ಕಿಲುಬು ಕಟ್ಟಿತ್ತು. ಊರ ಹಬ್ಬದ ಮಾರನೆಯ ದಿನ ಚರ್ಚಿನ ಅಂಗಳದಲ್ಲಿ ಹಳೆಯ ಸಾಮಾನು ಹರಾಜು ಹಾಕಿದರು. ಮುರಿದ ಬೆಂಚು, ಹಳೆಯ ಫ್ಯಾನು, ಆಮೇಲೆ ನಾನು.

ಹರಾಜು ಕೂಗುವವನು ನನ್ನನ್ನು ತಲೆಯ ಮೇಲೆತ್ತಿ ಹಿಡಿದ. "ಬನ್ನಿ ಬನ್ನಿ! ಹನ್ನೆರಡು ಅಪೊಸ್ತಲರ ಪಾದ ಕಂಡ ಬೋಗುಣಿ!"

"ಅಪೊಸ್ತಲರದ್ದಲ್ಲ ಕಣೋ, ನಿಮ್ಮಪ್ಪಂದು! ಹೋದ ವರ್ಷ ನಾನೇ ನೋಡಿದೀನಿ," ಎಂದು ಹಿಂದಿನಿಂದ ಯಾರೋ ಕೂಗಿದರು. ಎಲ್ಲರೂ ನಕ್ಕರು.

ಜಪಮಾಲಮ್ಮ ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತಿದ್ದಳು. ಅವಳು ಹರಾಜು ಕೂಗಿ ನನ್ನನ್ನು ಕೊಳ್ಳುತ್ತಾಳೆ ಎಂದು ನಾನು ಕಾದೆ. ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಬೇರೆ ಕಡೆ ನೋಡಿದಳು. ಅವಳ ಹರಕೆಗೆ ಇದ್ದ ಒಬ್ಬನೇ ಸಾಕ್ಷಿ ನಾನು. ಸಾಕ್ಷಿ ಕಣ್ಮರೆಯಾದರೆ ಸಾಕು ಅನಿಸಿತೋ ಏನೋ. ಆಗ ಕಾಂಪೌಂಡಿನ ಆಚೆಯಿಂದ ಒಂದು ದನಿ ನನಗೆ ಬೆಲೆ ಕೂಗಿತು. ಸೂಸಮ್ಮ.

"ಪಾದ ತೊಳೆದ ಪಾತ್ರೇಲಿ ಹುಳ ತುಂಬ್ತೀಯಾ?" ಜಪಮಾಲಮ್ಮ ಈಗ ತಿರುಗಿದಳು.

"ಹುಳ ಮಾಡಿದ್ದೂ ಅವನೇ ಅಲ್ವಾ ಅಕ್ಕ, ಪಾದ ಮಾಡಿದೋನೇ?" ಎಂದು ಸೂಸಮ್ಮ ನನ್ನನ್ನು ತಲೆಗೆ ಬೋರಲು ಹಾಕಿಕೊಂಡು, ಟೋಪಿಯಿಟ್ಟ ಪೊಲೀಸಿನ ಹಾಗೆ ಹೊರಟಳು.

ಹುಳು ತುಂಬಿದ್ದು ನಿಜ. ನೂಲು ಬಿಚ್ಚಿ ಉಳಿದ ಬೆಂದ ಹುಳುಗಳನ್ನು ನನ್ನೊಳಗೆ ಸುರಿಯುತ್ತಿದ್ದಳು. ಕೋಳಿಗಳಿಗೆ ಹಾಕಲು ಒಯ್ಯುವವರು ಬರುತ್ತಿದ್ದರು. ಮೊದಮೊದಲು ನನಗೂ ಹೇಸಿಗೆ. ಮೇಣ ಮತ್ತು ಸಾಂಬ್ರಾಣಿಯ ವಾಸನೆಯಲ್ಲಿ ಬೆಳೆದವನು ನಾನು. ಆಮೇಲೆ ಒಗ್ಗಿತು. ಭಾನುವಾರ ಅವಳು ಯಾಕೆ ದುಡಿಯುತ್ತಾಳೆಂಬುದೂ ತಿಳಿಯಿತು: ಗೂಡು ಕಾಯುವುದಿಲ್ಲ. ಒಂದು ದಿನ ತಡವಾದರೆ ಒಳಗಿನ ಚಿಟ್ಟೆ ತೂತು ಕೊರೆದು ಹೊರಬರುತ್ತದೆ, ನೂಲೆಲ್ಲ ತುಂಡು ತುಂಡು.

ಸೂಸಮ್ಮನನ್ನು ದೇವತೆ ಎಂದುಕೊಳ್ಳಬೇಡಿ. ಅವಳ ನಾಲಗೆಯೂ ಕಡಿಮೆಯದಲ್ಲ. ಚರ್ಚಿಗೆ ಹೋಗುವವರು ಬಾಗಿಲ ಮುಂದೆ ಹಾದುಹೋಗುವಾಗ ಚರಕ ತಿರುಗಿಸುತ್ತಲೇ ತೂಗುತ್ತಿದ್ದಳು. "ಹೋದ್ಲು ನೋಡು, ಸೊಸೆಗೆ ಅನ್ನ ಹಾಕದೋಳು. ಇವನೋ, ನಾಕು ಜಪ ಹೇಳಿ ನಲವತ್ತು ಸುಳ್ಳು ಹೇಳ್ತಾನೆ." ಜಪಮಾಲಮ್ಮ ಹಾದುಹೋದರೆ ಮಾತ್ರ ಸುಮ್ಮನಾಗುತ್ತಿದ್ದಳು. ಆ ಮೌನ ಬೈಗುಳಕ್ಕಿಂತ ಬಿಸಿ. ಒಳಗಿಂದ ತೊಳ್ಕೊಂಡು ಬಾ ಎಂಬ ಮಾತು ಅವಳ ಎದೆಯಲ್ಲಿ ಇನ್ನೂ ಕುದಿಯುತ್ತಿತ್ತು.

ನನಗೆ ವಯಸ್ಸಾಯಿತು. ಅಂಚು ತೆಳುವಾಯಿತು, ತಳ ಒಂದು ಕಡೆ ತಗ್ಗಿತು. ಕೋಣೆಯ ಮೂಲೆಯಲ್ಲಿ ಕೂತು ಬೀದಿಯ ಮಾತಿಗೆ ಕಿವಿಗೊಡುವುದೇ ನನ್ನ ಕೆಲಸ. ರೋಜಲಿ ಬಸುರಿ ಎಂದು ಕೇಳಿದೆ. ಹೆರಿಗೆಗೆ ತವರಿಗೆ ಬಂದಿದ್ದಾಳೆ ಎಂದು ಕೇಳಿದೆ. ಕಾಲು ಬಾತಿದೆಯಂತೆ, ರಕ್ತದ ಒತ್ತಡ ಜಾಸ್ತಿಯಂತೆ. ಹೂಂ ಅನ್ನಿ, ದಯವಿಟ್ಟು. ಇಲ್ಲಿಂದ ಮುಂದಕ್ಕೆ ನನಗೆ ಒಬ್ಬನೇ ಹೇಳಲು ಧೈರ್ಯ ಸಾಲದು.

ದೊಡ್ಡ ಗುರುವಾರ ಬಂತು. ಮಧ್ಯಾಹ್ನ ಇಳಿಯುತ್ತಿತ್ತು. ಸೂಸಮ್ಮ ಒಲೆಯ ಮುಂದೆ ಗೂಡು ಬೇಯಿಸುತ್ತಿದ್ದಳು. ಏರಿಯ ಮೇಲಿಂದ ಯಾರೋ ಓಡಿ ಬರುವ ಸದ್ದು. ಬಾಗಿಲಲ್ಲಿ ಜಪಮಾಲಮ್ಮ. ಕೂದಲು ಕೆದರಿತ್ತು, ಸೆರಗು ನೆಲದ ಮೇಲೆಳೆಯುತ್ತಿತ್ತು. ನಾನು ನೆಲಮಟ್ಟದಲ್ಲಿದ್ದೆನಲ್ಲ, ನನಗೆ ಮೊದಲು ಕಂಡದ್ದು ಅವಳ ಕಾಲು. ಬರಿಗಾಲು.

"ನಿಮ್ಮ ಚಪ್ಪಲಿ ಎಲ್ಲಿ ಅಕ್ಕ?" ಸೂಸಮ್ಮನ ಬಾಯಿಂದ ಬಂದ ಮೊದಲ ಮಾತೂ ಅದೇ.

"ಆಸ್ಪತ್ರೇಲಿ... ವಾರ್ಡಿನ ಹೊರಗೆ ಬಿಟ್ಟಿದ್ದೆ." ಅವಳಿಗೆ ಉಸಿರು ಸಿಗುತ್ತಿರಲಿಲ್ಲ. "ರೋಜಲೀನ ಆಪರೇಷನ್ನಿಗೆ ಒಳಗೆ ಕರ್ಕೊಂಡು ಹೋದ್ರು. ರಕ್ತ ಬೇಕು ಅಂತ ಬೆರ್ನಾಡ್ ಓಡಾಡ್ತಿದಾನೆ. ಸೂಸಿ, ನಿನ್ನ ಹತ್ರ ಆ ಬೋಗುಣಿ ಇದೆಯಲ್ಲ. ಕೊಡು. ಇಲ್ಲ, ಕೊಡಬೇಡ. ನೀರು ಹಾಕು. ನಿನ್ನ ಕಾಲು ಇಡು ಅದರಲ್ಲಿ. ಇವತ್ತೇ ಆಗಬೇಕು."

ಅವಳು ಹತ್ತಿ ಬಂದ ಆಟೋ ಏರಿಯ ಆಚೆ, ಹೊಸದಾಗಿ ಡಾಂಬರು ಹಾಕುತ್ತಿದ್ದಲ್ಲಿ ನಿಂತುಬಿಟ್ಟಿತ್ತಂತೆ. ಅಲ್ಲಿಂದ ಓಡಿ ಬಂದಿದ್ದಳು. ನಿಂತಲ್ಲೇ ಹರಕೆಯ ಕತೆಯನ್ನೆಲ್ಲ ಹೇಳಿದಳು. ಮಗುವಿನ ಜ್ವರ, ಮಾತೆಯ ಪಟ, ಚೌರಿ, ಅನ್ನಮ್ಮ, ಗಾರೆಯವನು, ಒಂದನ್ನೂ ಮುಚ್ಚಿಡಲಿಲ್ಲ. ಸೂಸಮ್ಮ ಕೇಳಿದಳು. ಕೈ ಒರೆಸಿಕೊಂಡಳು.

"ಏನಂತ ಹರಸಿಕೊಂಡಿದ್ರಿ? ಇನ್ನೊಂದ್ಸಲ ಹೇಳಿ."

"ನನಗಿಂತ ಕೀಳಾದವರ..." ಜಪಮಾಲಮ್ಮನ ದನಿ ಅಲ್ಲೇ ನಿಂತಿತು.

"ಹೂಂ. ಇಡೀ ಪಾಳ್ಯ ಹುಡುಕಿ, ಕಡೆಗೆ ನಾನು ಸಿಕ್ಕಿದೆ." ಸೂಸಮ್ಮ ನಕ್ಕಳು. ಆ ನಗುವಿಗೆ ನನ್ನ ತಳ ತಣ್ಣಗಾಯಿತು. "ಹತ್ತಾರು ವರ್ಷದಿಂದ ಈ ವಾಸನೆ ಜೊತೆ ಬದುಕ್ತಿದೀನಿ ಅಕ್ಕ. ಅದನ್ನ ತಡ್ಕೊಂಡೆ. ಇದನ್ನ ತಡ್ಕೊಳಕ್ಕಾಗಲ್ಲ. ನನ್ನ ಕಾಲು ಹಿಡ್ಕೊಂಡು ನೀವು ಇನ್ನೂ ಒಂದು ಮೆಟ್ಟಲು ಮೇಲೆ ಹೋಗ್ತೀರಾ? ಹೋಗಿ, ಬೇರೆ ಯಾರನ್ನಾದ್ರೂ ನೋಡ್ಕಳಿ."

"ಸೂಸಿ, ನನ್ನ ಮಗಳು ಕಣೇ!"

"ನಿಮ್ಮ ಮಗಳಿಗೆ ನಾನೂ ಬೇಡ್ಕೋತೀನಿ. ಈಗಲೇ ಬೇಡ್ಕೋತೀನಿ. ಕಾಲು ಮಾತ್ರ ಕೊಡಲ್ಲ."

ಅವಳು ತಿರುಗಿ ಒಲೆಯ ಮುಂದೆ ಕೂತಳು. ಜಪಮಾಲಮ್ಮ ಹೊಸ್ತಿಲ ಮೇಲೆಯೇ ಕುಸಿದಳು. ನನಗೆ ಕೂಗಬೇಕೆನಿಸಿತು. ಹಠ ಮಾಡಬೇಡ ಸೂಸಮ್ಮ, ಅಲ್ಲಿ ರೋಜಲಿ ಇದ್ದಾಳೆ! ಆದರೆ ಸೂಸಮ್ಮ ಹೇಳಿದ್ದು ತಪ್ಪೆಂದೂ ನನಗೆ ಹೇಳಲಾಗಲಿಲ್ಲ. ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡ ಹರಕೆಯೊಳಗೆ ಅಂಥದೊಂದು ಮುಳ್ಳಿತ್ತೆಂದು ನನಗೇ ಗೊತ್ತಿರಲಿಲ್ಲ. ಕುದಿಯುವ ನೀರಿನ ಸದ್ದು. ದೂರದಲ್ಲಿ ಚರ್ಚಿನ ಗಂಟೆ. ಈ ಸಂಜೆ ಅದು ಉದ್ದಕ್ಕೆ ಹೊಡೆದು ನಿಂತರೆ ಈಸ್ಟರಿನವರೆಗೂ ಮೌನ.

ಗಂಟೆ ನಿಂತಿತು. ಅದರ ಬೆನ್ನಿಗೇ ಜಪಮಾಲಮ್ಮನ ಸೊಂಟದಲ್ಲಿದ್ದ ಫೋನು ಹೊಡೆದುಕೊಂಡಿತು. ಅವಳು ಎಲ್ಲೆಲ್ಲೋ ಒತ್ತಿದಳು. ಸೂಸಮ್ಮ ಎದ್ದು ಬಂದು, ಕಿತ್ತುಕೊಂಡು, ಒತ್ತಿ ಅವಳ ಕಿವಿಗಿಟ್ಟಳು. ಬೆರ್ನಾಡನ ದನಿ ನನಗೂ ಕೇಳಿತು.

"ಅತ್ತೇ, ಎಲ್ಲಿ ಹೋದ್ರಿ?  ಹೆಣ್ಣುಮಗು! ಇಬ್ಬರೂ ಚೆನ್ನಾಗಿದಾರೆ. ರೋಜಲಿ ಕಣ್ಣು ಬಿಟ್ಟು ಮೊದಲು ನಿಮ್ಮನ್ನೇ ಕೇಳಿದ್ಲು. ಅತ್ತೇ? ಕೇಳಿಸ್ತಾ?"

ಜಪಮಾಲಮ್ಮ ಹೂಂ ಎಂದಳು. ಅಷ್ಟೇ. ಫೋನು ಮಡಿಲಿಗೆ ಜಾರಿತು. ಅವಳು ಅತ್ತಳು, ಸದ್ದಿಲ್ಲದೆ, ಬಾಯಿ ತೆರೆದುಕೊಂಡು.

ನಾನು ಎಷ್ಟು ಹಗುರಾದೆನೆಂದರೆ ಯಾರಾದರೂ ಊದಿದ್ದರೆ ಹಾರಿಹೋಗುತ್ತಿದ್ದೆ. ಆ ಸಂತೋಷದ ಬೆನ್ನಿಗೇ ಹೊಸ ದಿಗಿಲು. ಹರಕೆ ತೀರಿಲ್ಲ, ಆದರೂ ರೋಜಲಿ ಬದುಕಿದ್ದಾಳೆ. ಹಾಗಾದರೆ ನಾನು ಹೆದರುತ್ತಿದ್ದ ಆ ಲೆಕ್ಕ ಮೇಲಿನವರ ಹತ್ತಿರ ಇರಲೇ ಇಲ್ಲವೇ? ಇಲ್ಲದಿದ್ದರೆ ಇನ್ನು ಇವಳು ಎದ್ದು ಹೋಗುತ್ತಾಳೆ. ಪಾದ ತೊಳೆಯುವ ಅಗತ್ಯವೇ ಮುಗಿಯಿತಲ್ಲ.

ಅವಳು ಎದ್ದಳು. "ಹೋಗ್ತೀನಿ ಸೂಸಿ."

"ಹೋಗಿ ಬನ್ನಿ ಅಕ್ಕ. ಬೇಗ ಹೋಗಿ. ಹುಡುಗಿ ಕಾಯ್ತಿರ್ತಾಳೆ."

ಅಂಗಳ ದಾಟಿದಳು. ಬೇಲಿಯ ಹತ್ತಿರ ನಿಂತಳು. ಅವಳ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು. ಅಷ್ಟು ಹೊತ್ತು ಯಾಕೆ ನಿಂತಳು, ಏನು ತೂಗಿದಳು, ಯಾರನ್ನು ತೂಗಿದಳು, ನಾನರಿಯೆ. ತಿರುಗಿ ಬಂದು ಮತ್ತೆ ಅದೇ ಹೊಸ್ತಿಲ ಮೇಲೆ ಕೂತಳು.

"ಒಳಗಿಂದ ತೊಳ್ಕೊಂಡು ಬಾ ಅಂತ ಅಂದಿದ್ದೆ ನಿಂಗೆ."

"ಹೂಂ. ಅಂದಿದ್ರಿ."

"ಹಾಗೆ ಅನ್ನೋಕೆ ನಾನ್ಯಾರು?" ಅವಳು ನೆಲ ನೋಡುತ್ತ ಹೇಳಿದಳು. "ಈಗ ಹರಕೆಗಲ್ಲ ಸೂಸಿ. ಹರಕೆಗೆ ಏನೂ ಉಳಿದಿಲ್ಲ. ಬರೀ... ತೊಳೀಬೇಕು ಅನಿಸ್ತಿದೆ. ನೀನು ಬೇಡ ಅಂದ್ರೆ ಎದ್ದು ಹೋಗ್ತೀನಿ."

ಸೂಸಮ್ಮ ಒಲೆಯ ಹತ್ತಿರ ಹೋದಳು. ಒಲೆಯ ಉರಿ ಹಿಂದಕ್ಕೆಳೆದಳು. ಕುದಿನೀರಿನಲ್ಲಿದ್ದ ಗೂಡುಗಳನ್ನು ತೆಗೆದು ಪಕ್ಕಕ್ಕಿಟ್ಟಳು. ನೂಲು ಕೆಡುತ್ತದೆಂದು ಅವಳಿಗೆ ಗೊತ್ತು. ನನ್ನೊಳಗಿನ ಹುಳುಗಳನ್ನು ಮೊರಕ್ಕೆ ಸುರಿದಳು. ನನ್ನನ್ನು ಹೊಸ್ತಿಲ ಮುಂದೆ ತಂದಿಟ್ಟು ಬೆಚ್ಚನೆಯ ನೀರು ಹಾಕಿದಳು.

"ಮೊದಲು ನಿಮ್ಮ ಕಾಲು ಇಡಿ."

"ಅಯ್ಯೋ, ನನ್ನದು ಬೇಡ!" ಜಪಮಾಲಮ್ಮ ಸೀರೆಯೊಳಗೆ ಕಾಲೆಳೆದುಕೊಂಡಳು. "ನನ್ನ ಕಾಲು ಕೊಳಕಾಗಿದೆ ಕಣೇ. ಆಸ್ಪತ್ರೆ, ರಸ್ತೆ, ಸಗಣಿ, ಏನೇನೋ ತುಳಿದಿದೀನಿ. ನೀನು ಮುಟ್ಟಬೇಡ."

"ನೋಡಿ, ತೊಳೆಯೋದು ಸುಲಭ ಅನ್ಕೊಂಡಿದ್ರಿ. ತೊಳೆಸಿಕೊಳ್ಳಿ ನೋಡೋಣ." ಸೂಸಮ್ಮನ ದನಿಯಲ್ಲಿ ಈಗ ತುಂಟತನವಿತ್ತು. "ಊರಿನ ಕಾಲೆಲ್ಲ ಎತ್ತಿಸಿ ನೋಡಿದೋರು. ಎತ್ತಿ ಹಿಮ್ಮಡಿ."

ಜಪಮಾಲಮ್ಮನಿಗೆ ನಗು ಬಂತೋ ಅಳು ಬಂತೋ, ಎರಡೂ ಒಟ್ಟಿಗೆ ಬಂದವು. ಕಾಲು ಚಾಚಿದಳು.

ನಾನು ಎಷ್ಟೋ ಪಾದ ಕಂಡವನು. ಇಂಥ ಪಾದ ಕಂಡಿರಲಿಲ್ಲ. ಡಾಂಬರು ಹತ್ತಿ ಕಪ್ಪಾಗಿತ್ತು. ಹೆಬ್ಬೆರಳು ಒಡೆದು ರಕ್ತ ಕಟ್ಟಿತ್ತು. ಹಿಮ್ಮಡಿಯ ತುಂಬ ಬಿರುಕು, ಬಿರುಕಿನ ತುಂಬ ಮಣ್ಣು. ಯಾರಿಗೂ ತೋರಿಸದೆ ಇಷ್ಟು ವರ್ಷ ಚಪ್ಪಲಿಯೊಳಗೆ ಮುಚ್ಚಿಟ್ಟಿದ್ದ ಒಂದು ಸೊಟ್ಟ ಉಗುರು. ಸೂಸಮ್ಮ ಕೊಬ್ಬರಿ ಎಣ್ಣೆ ತಂದು ಡಾಂಬರು ಬಿಡಿಸಿದಳು, ನೀರು ಬಿಟ್ಟಳು, ಬೆರಳ ಸಂದಿಯಲ್ಲಿ ತನ್ನ ಬೆಂದು ಬೆಳ್ಳಗಾದ ಬೆರಳಾಡಿಸಿದಳು. ಜಪಮಾಲಮ್ಮ ಕಣ್ಣು ಮುಚ್ಚಿಕೊಂಡಿದ್ದಳು. ನನ್ನ ನೀರು ಬೂದಾಯಿತು, ಆಮೇಲೆ ಕಪ್ಪಾಯಿತು. ನನ್ನ ತಳ ನನಗೆ ಕಾಣದಾಯಿತು.

"ಈಗ ನಿನ್ನದು," ಎಂದು ಜಪಮಾಲಮ್ಮ ಕೆಳಗಿಳಿದು ಮೊಣಕಾಲೂರಿದಳು. "ತಾಳು, ನೀರು ಬದಲಾಯಿಸ್ತೀನಿ."

"ಬಿಡಿ ಅಕ್ಕ. ಇದೇ ಸಾಕು."

ಸೂಸಮ್ಮ ಆ ಕಪ್ಪು ನೀರಿನಲ್ಲೇ ಎರಡೂ ಕಾಲಿಟ್ಟಳು. ಜಪಮಾಲಮ್ಮ ಅವಳ ಬಲಗಾಲನ್ನು ಎರಡೂ ಕೈಯಲ್ಲಿ ಹಿಡಿದಳು.

"ಮೆಲ್ಲಗೆ. ಬಿರುಕು ಉರೀತದೆ."

"ಉಜ್ಜಲ್ಲ."

ಉಜ್ಜಲಿಲ್ಲ. ಅಂಗೈಯಲ್ಲಿ ನೀರೆತ್ತಿ ಹೊಯ್ದಳು, ಹುಳುವಿನ ಜಿಡ್ಡನ್ನು ಬೆರಳ ತುದಿಯಿಂದ ಸರಿಸಿದಳು. ಮೂಗು ಮುಚ್ಚಲಿಲ್ಲ. ಡಾಂಬರಿನ ಕಪ್ಪು ಯಾವುದು, ಗೂಡಿನ ಜಿಡ್ಡು ಯಾವುದು, ಯಾರ ಮಣ್ಣು ಯಾರ ರಕ್ತ ಎಂದು ನನ್ನೊಳಗೆ ನೋಡಿಕೊಂಡೆ. ಬೇರೆ ಮಾಡಲು ನನ್ನಿಂದಾಗಲಿಲ್ಲ.

ಜಪಮಾಲಮ್ಮ ಎಡಗಾಲನ್ನೂ ತೊಳೆದಳು. ಸೆರಗಿನಿಂದ ಎರಡೂ ಪಾದ ಒರೆಸಿ, ಒಂದೊಂದಾಗಿ ನೆಲದ ಮೇಲಿಟ್ಟಳು.